ಅಡುಗೆಮನೆಯ ಕಂಟ್ರೋಲ್ ಟವರ್

ಹೊಟ್ಟೆಕಿಚ್ಚು ಪಡುವುದರಲ್ಲಿ ನಾನು ಹೊಸಬನಲ್ಲ. ಎದುರುಮನೆಯವರು ಗೇಟಿಗೆ ಹೊಸ ಬಣ್ಣ ಬಳಿಸಿದಾಗ ಪಟ್ಟಿದ್ದೇನೆ. ನನ್ನ ಜೊತೆಯಲ್ಲೇ ನಿವೃತ್ತನಾದವನಿಗೆ ಇನ್ನೂ ತಲೆತುಂಬ ಕೂದಲಿರುವುದನ್ನು ಕಂಡು ಪಟ್ಟಿದ್ದೇನೆ. ಮಾವನ ಮನೆಯಲ್ಲಿ ನನ್ನ ಷಡ್ಡಕನಿಗೆ ಕೇಳದೆಯೇ ಎರಡನೇ ಒಬ್ಬಟ್ಟು ಬಡಿಸಿ, ನನ್ನ ಎಲೆಯ ಮುಂದೆ ನಿಂತು "ನಿಮಗೆ ಸಾಕೇನೋ ಅಲ್ವಾ?" ಎಂದು ಕೇಳಿದ ದಿನವಂತೂ ಮನೆಗೆ ಬರುವವರೆಗೂ ಮಾತಾಡಲಿಲ್ಲ. ಆದರೆ ಇವೆಲ್ಲ ಆರೋಗ್ಯವಾದ ಹೊಟ್ಟೆಕಿಚ್ಚುಗಳು. ಬರುತ್ತವೆ, ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತೇವೆ, ಆಕೆ "ಹೋಗ್ಲಿ ಬುಡ್ರೀ" ಅನ್ನುತ್ತಾಳೆ, ಶಮನವಾಗುತ್ತದೆ. ಹೆಂಡತಿಯ ಮೇಲೆಯೇ ಹೊಟ್ಟೆಕಿಚ್ಚು ಬಂದರೆ ಮಾತ್ರ ಬಹಳ ಕಷ್ಟ. ದೂರು ಬರೆದುಕೊಳ್ಳಬೇಕಾದವರೇ ಆರೋಪಿಯಾದರೆ ದೂರು ಕೊಡುವುದು ಯಾರಿಗೆ? ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ದಯವಿಟ್ಟು ನಿಮ್ಮಲ್ಲೇ ಇರಲಿ.

ನಾನು ಪೊಲೀಸ್ ವೈರ್‌ಲೆಸ್‌ನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವನು. ಲಾಠಿ ಬೀಸಿದವನಲ್ಲ, ಕಳ್ಳರನ್ನು ಅಟ್ಟಿಸಿಕೊಂಡು ಓಡಿದವನೂ ಅಲ್ಲ. ಮೈಕು ಹಿಡಿದು ಕೂತವನು. ನನ್ನ ಮುಖ ಕಂಡವರು ಕಡಿಮೆ, ಧ್ವನಿ ಕೇಳಿದವರು ಬಹಳ. ದಸರಾ ಮೆರವಣಿಗೆಯ ದಿನ ಆನೆ ಎಲ್ಲಿಗೆ ಬಂತೆಂಬುದು ಊರಿಗೆಲ್ಲ ಕಣ್ಣಿನಿಂದ ತಿಳಿದರೆ ನನಗೆ ಕಿವಿಯಿಂದ ತಿಳಿಯುತ್ತಿತ್ತು. ಮೈಸೂರಿನಲ್ಲೇ ಹುಟ್ಟಿ ನೌಕರಿಯುದ್ದಕ್ಕೂ ಒಂದು ಮೆರವಣಿಗೆಯನ್ನೂ ನೋಡಲಿಲ್ಲ ಎಂದು ಹೇಳಿಕೊಂಡು ನಾನು ಮದುವೆಮನೆಗಳಲ್ಲಿ ಬೇಕಾದಷ್ಟು ಕನಿಕರ ಸಂಪಾದಿಸಿದ್ದೇನೆ. ನನ್ನ ಧ್ವನಿ ಚೆನ್ನಾಗಿತ್ತು ಎಂದು ನಾನೇ ಹೇಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ನಿವೃತ್ತನಾಗಿ ದಟ್ಟಗಳ್ಳಿಯ ಮನೆಯಲ್ಲಿ ಕೂತ ಮೇಲೆ ಆ ಧ್ವನಿಗೆ ಕೆಲಸವಿಲ್ಲದಾಯಿತು. ರಸ್ತೆಯಲ್ಲಿ ಹೋಗುವ ಸೊಪ್ಪಿನವಳನ್ನು ನಿಲ್ಲಿಸುವುದಕ್ಕೂ ನಾನು ಬೇಕಾಗಿರಲಿಲ್ಲ. ನನ್ನ ಹೆಂಡತಿ ಸರೋಜ ಕಿಟಕಿಯಿಂದ ಮೆಲ್ಲಗೆ "ಏನಮ್ಮಾ" ಅಂದರೆ ಸಾಕು, ಸೊಪ್ಪಿನವಳು ಬುಟ್ಟಿ ಇಳಿಸುತ್ತಿದ್ದಳು.

ಹೀಗಿರುವಾಗ ನಮ್ಮ ಮಹಡಿಯ ಕೋಣೆಗೆ ಸಿಂಚನ ಬಂದಳು. ತಿ. ನರಸೀಪುರದ ಕಡೆಯ ಹುಡುಗಿ, ಅಪ್ಪ ಭತ್ತ ಬೆಳೆಯುವವರು, ಮಗಳು ವಿಮಾನ ಹಾರಿಸುವುದನ್ನು ಕಲಿಯಲು ಮೈಸೂರಿಗೆ ಬಂದಿದ್ದಳು. ವಿಮಾನ ಹಾರಿಸಲು ಬಂದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಇಲ್ಲವಂತೆ. ಅದರ ರೇಡಿಯೋದಲ್ಲಿ ಮಾತಾಡುವುದಕ್ಕೆ ಬೇರೆಯೇ ಲೈಸೆನ್ಸ್ ಬೇಕು, ಅದಕ್ಕೆ ಬೇರೆಯೇ ಪರೀಕ್ಷೆ. ಬರೆಯುವ ಭಾಗವನ್ನು ಅವಳು ಮುಗಿಸಿದ್ದಳು. ಮಾತಾಡುವ ಭಾಗ ಉಳಿದಿತ್ತು. ಅದರಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೈಗೊಂದು ಚೀಟಿ ಕೊಡುತ್ತಾರೆ. ನಿನ್ನ ವಿಮಾನ ಇಂಥದ್ದು, ಇಂಥ ಊರಿನಿಂದ ಇಂಥ ಊರಿಗೆ ಹೊರಟಿದೆ ಎಂದು ಅದರಲ್ಲಿ ಬರೆದಿರುತ್ತದೆ. ಪರೀಕ್ಷಕರು 'ಟವರ್' ಆಗುತ್ತಾರೆ, ಅಂದರೆ ನೆಲದ ಮೇಲೆ ಕೂತು ವಿಮಾನಕ್ಕೆ ಅಪ್ಪಣೆ ಕೊಡುವವರು. ಕುರ್ಚಿಯಲ್ಲಿ ಕೂತುಕೊಂಡೇ ಇಲ್ಲದ ವಿಮಾನವನ್ನು ಮಾತಿನಲ್ಲಿ ಏರಿಸಿ ಮಾತಿನಲ್ಲಿ ಇಳಿಸಬೇಕು. ನಡುವೆ ಎಲ್ಲೋ ಒಂದು ಕಡೆ ಪರೀಕ್ಷಕರು ಇಂಜಿನ್ ಕೆಡಿಸುತ್ತಾರೆ. ಇದರಲ್ಲಿ ಪಾಸಾಗದಿದ್ದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇಲ್ಲ, ಅದಿಲ್ಲದಿದ್ದರೆ ಕೆಲಸವಿಲ್ಲ. ಈ ವರ್ಷದೊಳಗೆ ಕಾಗದ ಕೈಗೆ ಬರದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಾ ಎಂದು ಅವಳ ಅಪ್ಪ ಖಂಡಿತವಾಗಿ ಹೇಳಿಬಿಟ್ಟಿದ್ದರು.

ಒಂದು ಭಾನುವಾರ ಅವಳು ಮೆಟ್ಟಿಲಿಳಿದು ಬಂದು, "ಅಂಕಲ್, ನೀವು ವೈರ್‌ಲೆಸ್‌ನಲ್ಲಿದ್ರಂತೆ. ಸಂಜೆ ಹೊತ್ತು ಸ್ವಲ್ಪ ಟವರ್ ಆಗ್ತೀರಾ?" ಎಂದು ಕೇಳಿದಳು. ಸ್ವಲ್ಪವೇನು, ಪೂರ್ತಿ ಆದೆ. ಅಟ್ಟದ ಪೆಟ್ಟಿಗೆಯಿಂದ ಹಳೆಯ ಹೆಡ್‌ಫೋನುಗಳನ್ನು, ಮೈಕುಗಳನ್ನು ಇಳಿಸಿ, ಧೂಳು ಕೊಡವಿ, ಬ್ಯಾಟರಿ ಜೋಡಿಸಿ, ಹಜಾರದಿಂದ ವರಾಂಡಕ್ಕೆ ತಂತಿ ಎಳೆದೆ. ಮುಖ ಕಾಣಬಾರದು, ಧ್ವನಿ ಮಾತ್ರ ಕೇಳಬೇಕು. ಆಗಲೇ ನಿಜವಾದ ಅಭ್ಯಾಸ. ಸಂಜೆ ಐದಕ್ಕೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹಜಾರದಲ್ಲಿ ಕೂರುತ್ತಿದ್ದೆ. "ಕೇಳೋದು ಧ್ವನಿ ಒಂದೇ ಅಂತೀರ, ಷರಟು ಯಾರಿಗ್ರೀ?" ಎಂದು ಸರೋಜ ಕೇಳಿದಳು. ಧ್ವನಿಗೂ ಇಸ್ತ್ರಿ ಬೇಕು ಎಂಬುದು ಅವಳಿಗೆ ಅರ್ಥವಾಗುವಂಥದಲ್ಲ.

ಕಲಿಸುವುದರಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ಬಹುಶಃ ಹೆಚ್ಚು ಮಾಡಿದೆ. ನಮ್ಮ ಕಾಲದಲ್ಲಿ ವೈರ್‌ಲೆಸ್ ಸೆಟ್ಟಿನ ಆ ತುದಿಯಲ್ಲಿ ಯಾರಿರುತ್ತಾರೆಂದು ಹೇಳಲಾಗುತ್ತಿರಲಿಲ್ಲ. ಪೇದೆ ಇರಬಹುದು, ಸಾಹೇಬರೇ ಇರಬಹುದು. ಆದ್ದರಿಂದ ನಾನು ಮೊದಲು "ಮೆಸೇಜ್ ಕೊಡಬಹುದಾ ಸರ್?" ಎಂದು ಕೇಳಿ, "ಕೊಡಿ" ಎಂದ ಮೇಲೆ ವಿಷಯ ಹೇಳಿ, ಪ್ರತಿ ವಾಕ್ಯದ ಕೊನೆಗೂ ಒಂದು ಸರ್ ಇಟ್ಟು ಮುಗಿಸುತ್ತಿದ್ದೆ. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ, ಯಾವ ಪುಸ್ತಕದಲ್ಲಿ ಬರೆದದ್ದೂ ಅಲ್ಲ; ಬೆನ್ನು ಬಾಗಬೇಕಾದ ಕಡೆ ನಾಲಗೆ ತಾನೇ ಬಾಗುವುದನ್ನು ಕಲಿತಿತ್ತು. ಸಿಂಚನ ತನ್ನ ಪುಸ್ತಕ ತೋರಿಸಿ, "ಅಂಕಲ್, ಇದ್ರಲ್ಲಿ ಎಲ್ಲೂ ಸರ್ ಅಂತ ಇಲ್ವಲ್ಲ" ಅಂದಳು. "ಬರೆದವನಿಗೆ ಮೇಲಧಿಕಾರಿ ಇರಲಿಲ್ಲ ಅಂತ ಕಾಣತ್ತೆ ಕಣಮ್ಮ. ಮರ್ಯಾದೆ ಕೊಟ್ಟು ಕೆಟ್ಟವರಿಲ್ಲ. ಪರೀಕ್ಷಕರಿಗೂ ಮನಸ್ಸು ಅನ್ನೋದು ಇರತ್ತೆ" ಎಂದೆ. ಪಾಪ, ನಂಬಿದಳು. ಒಂದು ತಿಂಗಳಲ್ಲಿ ಅವಳ ಬಾಯಲ್ಲಿ ಸರ್ ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ, ನನಗೇ ಬಡ್ತಿ ಸಿಕ್ಕಷ್ಟು ಸಂತೋಷವಾಗುತ್ತಿತ್ತು.

ಸರೋಜ ಒಮ್ಮೆ ಬೀನ್ಸ್ ಸೋಸುತ್ತಾ ಇದನ್ನೆಲ್ಲ ಕೇಳಿಸಿಕೊಂಡಳು. ಅಂದು ಇಂಜಿನ್ ಕೆಡುವ ಪಾಠ, ಅಂದರೆ 'ಮೇಡೇ' ಎಂದು ಮೂರು ಸಲ ಕೂಗಿ ಸಹಾಯ ಕೇಳುವುದು. "ಅಲ್ಲ ಕಣ್ರೀ," ಅಂದಳು, "ಇಂಜಿನ್ನು ನಿಂತೋಗಿದೆ ಅಂತ ಮೊದಲು ಹೇಳ್ಬಾರ್ದಾ? ಕೊಡಬಹುದಾ, ಕೊಡಿ, ಕೊಡ್ತೀನಿ ಅನ್ನೋ ಅಷ್ಟೊತ್ತಿಗೆ ಬಿದ್ದೋಗಿರತ್ತಲ್ವಾ ಅದು?" ನಾನು ನಕ್ಕೆ. ವೈರ್‌ಲೆಸ್ ಗೊತ್ತಿಲ್ಲದವರು ಇಂಥದ್ದನ್ನು ಕೇಳಿದಾಗ ನಗುವುದೊಂದು ಪದ್ಧತಿ ನಮ್ಮಲ್ಲಿತ್ತು. ಆ ನಗೆಯನ್ನು ಈಗಲೂ ಕೆಲವು ಸಲ ನೆನೆಸಿಕೊಂಡು ಹಲ್ಲು ಕಡಿಯುತ್ತೇನೆ.

ಪಕ್ಕದ ರಾಜ್ಯದ ಊರೊಂದರಲ್ಲಿ ಪರೀಕ್ಷೆ. ಹೋದಳು, ಮೂರನೇ ದಿನ ಬಂದಳು. ಬಂದವಳು ಚಪ್ಪಲಿ ಬಿಡದೆ ವರಾಂಡದಲ್ಲೇ ಕೂತಳು. "ಎಲ್ಲಾ ಚೆನ್ನಾಗೇ ಹೋಯ್ತಿತ್ತು ಅಂಕಲ್. ಅವರು ಇಂಜಿನ್ ಫೇಲ್ ಅಂದ್ರು. ನಾನು ಮೇಡೇ ಮೇಡೇ ಮೇಡೇ ಅಂದು, ಮೆಸೇಜ್ ಕೊಡಬಹುದಾ ಸರ್ ಅಂತ ಕೇಳ್ಬುಟ್ಟೆ. ಅವರು ಸುಮ್ಮನಿದ್ರು. ನಾನೂ ಕಾದೆ. ಅವರೂ ಗಡಿಯಾರ ನೋಡ್ಕೊಂಡು ಕಾದ್ರು. ಆಮೇಲೆ ಒಬ್ರು ಹೆಡ್‌ಫೋನ್ ತೆಗೆದಿಟ್ಟು, ನೀನೀಗ ನೆಲದ ಮೇಲಿದೀಯಮ್ಮ, ಇನ್ನು ನಿಧಾನವಾಗಿ ಕೇಳು, ನಿಂಗೆ ಬೇಕಾಗಿರೋದು ಸಹಾಯಾನಾ, ಸಾಂದರ್ಭಿಕ ರಜಾನಾ ಅಂದ್ರು." ಇಷ್ಟು ಹೇಳಿ ಅತ್ತಳು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಸರೋಜ ಒಳಗಿನಿಂದ ಬಂದು ಅವಳನ್ನು ಎಬ್ಬಿಸಿ ಅಡುಗೆಮನೆಗೆ ಕರೆದುಕೊಂಡು ಹೋದಳು. ಹೋಗುವಾಗ ನನ್ನ ಕಡೆ ನೋಡಿದಳು. ಆಗಲೇ ಹೇಳಲಿಲ್ಲವಾ ಎಂದು ಬಾಯಿಬಿಟ್ಟು ಅನ್ನುವ ಹೆಂಗಸಲ್ಲ ಅವಳು.

ಮಾರನೇ ಸಂಜೆ ಐದಕ್ಕೆ ನಾನು ಷರಟು ಹಾಕಿಕೊಂಡು ಹಜಾರದಲ್ಲಿ ಕೂತಿದ್ದೆ. ವರಾಂಡ ಖಾಲಿ. ಹಿತ್ತಿಲ ಬಾಗಿಲಲ್ಲಿ ಹುಡುಗಿಯ ಚಪ್ಪಲಿ ಕಂಡಿತು. ಒಳಗೆ ಹೋಗಿ ನೋಡಿದರೆ ನಾನು ಎಳೆದಿದ್ದ ತಂತಿ ಹಜಾರದಿಂದ ಎದ್ದು, ದೇವರಮನೆಯ ಬಾಗಿಲ ಮೇಲೆ ಹಾದು, ಅಡುಗೆಮನೆ ಸೇರಿತ್ತು. ಸರೋಜ ಹೆಡ್‌ಫೋನ್ ಹಾಕಿಕೊಂಡು ಒಲೆಯ ಮುಂದೆ ನಿಂತಿದ್ದಳು, ಕೈಯಲ್ಲಿ ಸಿಂಚನಳ ಪುಸ್ತಕ. ಹುಡುಗಿ ಹಿತ್ತಿಲ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. "ನಿಮಗ್ಯಾಕೆ ತೊಂದರೆ ಅಂತ ನಾನೇ ಹೇಳ್ಕೊಡ್ತೀನಿ ಅಂದೆ. ಬರೀ ಓದೋದು ತಾನೇ?" ಅಂದಳು ಸರೋಜ. ತೊಂದರೆ! ಮೂವತ್ತೆರಡು ವರ್ಷದ ಅನುಭವಕ್ಕೆ ಒಂದು ಸಂಜೆಯಲ್ಲಿ ಎರಡನೇ ಸಲ ನಿವೃತ್ತಿ ಕೊಟ್ಟು, ಅದಕ್ಕೆ ತೊಂದರೆ ತಪ್ಪಿಸುವುದು ಎಂದು ಹೆಸರಿಟ್ಟಳು.

ಓದಲಿ, ಎರಡು ದಿನದಲ್ಲಿ ಸಾಕಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ವಿಚಾರ ಏನೆಂದರೆ, ವಿಮಾನದ ರೇಡಿಯೋದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಟವರ್ ಕೊಟ್ಟ ಅಪ್ಪಣೆಯನ್ನು ಪೈಲಟ್ ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು, ಟವರ್ ಕೇಳಿಸಿಕೊಂಡು ಸರಿ ಅನ್ನಬೇಕು. ಇದನ್ನು ಕಲಿಯುವುದಕ್ಕೆ ಹುಡುಗರು ತಿಂಗಳುಗಟ್ಟಲೆ ಒದ್ದಾಡುತ್ತಾರಂತೆ. ಸರೋಜ ನಮ್ಮ ಮದುವೆಯಾದ ವಾರದಿಂದಲೇ ಇದನ್ನು ನನ್ನ ಮೇಲೆ ನಡೆಸಿಕೊಂಡು ಬಂದಿದ್ದಾಳೆ. ನಾನು ಚೀಲ ಹಿಡಿದು ಗೇಟು ದಾಟುವ ಮೊದಲು, "ಏನ್ ತರ್ತೀರಿ, ಹೇಳಿ ನೋಡಣ" ಅನ್ನುತ್ತಾಳೆ. ನಾನು "ಕೊತ್ತಂಬರಿ ಒಂದು ಕಟ್ಟು, ತೊಗರಿಬೇಳೆ ಅರ್ಧ ಕೆ.ಜಿ., ಹುರಿಗಡಲೆ ಕಾಲು" ಎಂದು ಒಪ್ಪಿಸಬೇಕು. "ಕೊತ್ತಂಬರಿ ಎರಡು ಕಟ್ಟು" ಎಂದು ಅವಳು ತಿದ್ದಬೇಕು. ನಾನು ಎರಡು ಅನ್ನುವವರೆಗೆ ಗೇಟು ದಾಟುವಂತಿಲ್ಲ. ಇಷ್ಟು ಕಾಲ ನಾನು ಇದನ್ನು ಅಪನಂಬಿಕೆ ಎಂದು ತಿಳಿದಿದ್ದೆ. ಅಂತರರಾಷ್ಟ್ರೀಯ ಪದ್ಧತಿ ಎಂದು ಗೊತ್ತಾಗಿದ್ದು ಆಗಲೇ.

ದಿನದಿನಕ್ಕೆ ಅಡುಗೆಮನೆಯ ಆಡಳಿತ ಬಲವಾಯಿತು. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ಮೇಲೆ ಸಂಜೆ ಹೊತ್ತು ಸರೋಜ ಒಬ್ಬಳೇ ಒಡೆಯಳು. ಒಂದು ದಿನ ಹುಡುಗಿ ಇಳಿಯಲು ಅಪ್ಪಣೆ ಕೇಳುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಯಿತು. ಸರೋಜ ಒಂದಿಷ್ಟೂ ಗಾಬರಿಯಾಗದೆ, "ಹೋಲ್ಡ್ ಓವರ್ ನಂಜನಗೂಡು" ಎಂದು ಹೇಳಿ ವಿಮಾನವನ್ನು ನಂಜನಗೂಡಿನ ಮೇಲೆ ಸುತ್ತು ಹಾಕಲು ಬಿಟ್ಟು, ಹಾಲು ಇಳಿಸಿ, ಒಲೆ ಒರೆಸಿ, ಆಮೇಲೆ ಇಳಿಸಿಕೊಂಡಳು. ಹುಡುಗಿ ಅಷ್ಟು ಹೊತ್ತೂ ಸುತ್ತು ಹಾಕುತ್ತಾ ತನ್ನ ಎತ್ತರ, ವೇಳೆ ಎಲ್ಲ ಸರಿಯಾಗಿ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, "ನಿಜವಾದ ಟವರಲ್ಲಿ ಹಾಗೆ ಹಾಲಿಗೋಸ್ಕರ ನಿಲ್ಲಿಸಲ್ಲ" ಅಂದೆ. "ಯಾವುದಕ್ಕೆ ನಿಲ್ಲಿಸ್ತಾರೆ ಅಂತ ಮೇಲಿರೋರಿಗೆ ಹೇಳ್ತಾರೇನ್ರೀ?" ಅಂದಳು. ಇಬ್ಬರೂ ನಕ್ಕರು. ಅಂದಿನಿಂದ ನನ್ನನ್ನು ಬಾಗಿಲಲ್ಲಿ ನಿಲ್ಲದಂತೆ ಮಾಡಿದರು, ನಾನು ನಿಂತರೆ ಹುಡುಗಿಗೆ ನಗು ಬರುತ್ತದಂತೆ.

ಆ ನಗುವೇ ನನ್ನ ಹೊಟ್ಟೆ ಉರಿಸಿದ್ದು. ಹಜಾರದಲ್ಲಿ ಪೇಪರ್ ಹಿಡಿದು ಕೂತರೆ ಹಿತ್ತಿಲಿನಿಂದ ಹುಡುಗಿಯ ಮಾತು ಅರ್ಧ ಕೇಳುತ್ತಿತ್ತು, ಸರೋಜಳ ಮಾತು ಗೊಣಗಿದ ಹಾಗೆ. ಆಮೇಲೆ ಇಬ್ಬರ ನಗು ಪೂರ್ತಿ. ಏನು ಹೇಳಿದಳು? ಯಾಕೆ ನಕ್ಕರು? ನನ್ನ ಬಗ್ಗೆಯೇ ಇರಬಹುದೇ? ಜೀವಮಾನವೆಲ್ಲ ಇಡೀ ಜಿಲ್ಲೆಯ ಮಾತನ್ನು ಕಿವಿಯಲ್ಲಿಟ್ಟುಕೊಂಡವನಿಗೆ ಸ್ವಂತ ಅಡುಗೆಮನೆಯ ಸುದ್ದಿ ಇಲ್ಲ. ನಿಜ ಹೇಳುತ್ತೇನೆ, ಹುಡುಗಿ ಎರಡನೇ ಸಲವೂ ಫೇಲಾದರೆ ಹೇಗಿರುತ್ತದೆ ಎಂದು ಒಂದು ಸಂಜೆ ಯೋಚಿಸಿದೆ. "ಆಂಟಿ ಹತ್ರ ಕಲಿತಿದ್ದೇ ತಪ್ಪಾಯ್ತು ಅಂಕಲ್" ಎಂದು ಅವಳು ವರಾಂಡದಲ್ಲಿ ಕೂತು ಅಳುವುದನ್ನು, ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸುವುದನ್ನು ಕಣ್ಣಾರೆ ಕಂಡೆ. ಅವಳ ಅಪ್ಪ ಲಗೇಜು ಒಯ್ಯಲು ಆಟೋ ತಂದು ನಿಲ್ಲಿಸಿದ್ದೂ ಕಂಡಿತು. ಆಗ ನನಗೆ ನನ್ನ ಮೇಲೇ ಹೇಸಿಗೆಯಾಗಿ ಎದ್ದು ಗಿಡಗಳಿಗೆ ನೀರು ಹಾಕಿದೆ. ಆದರೆ ಹೊಟ್ಟೆಕಿಚ್ಚು ಆರಲಿಲ್ಲ.

ಅವರಿಬ್ಬರೂ ಮಾರುಕಟ್ಟೆಗೆ ಹೋದ ಒಂದು ಬೆಳಿಗ್ಗೆ ನಾನು ಪೆಟ್ಟಿಗೆಯಲ್ಲಿ ಉಳಿದಿದ್ದ ಮೂರನೇ ಹೆಡ್‌ಫೋನ್ ತೆಗೆದೆ. ತಂತಿ ಹೇಗೂ ದೇವರಮನೆಯ ಬಾಗಿಲ ಮೇಲೇ ಹಾದು ಹೋಗಿತ್ತು. ಅಲ್ಲೊಂದು ಕಡೆ ತಂತಿಯ ಸಿಪ್ಪೆ ಸುಲಿದು, ಸಣ್ಣ ಜೋಡಣೆ ಹಾಕಿ, ಬಾಲವನ್ನು ದೇವರ ಪೀಠದ ಹಿಂದೆ ಇಳಿಬಿಟ್ಟೆ. ಅಂದು ಸಂಜೆಯಿಂದ ಐದು ಗಂಟೆಗೆ ಸರಿಯಾಗಿ ಕೈಕಾಲು ತೊಳೆದು, ವಿಭೂತಿ ಇಟ್ಟು, ಶಾಲು ಹೊದ್ದು ದೇವರಮನೆಯಲ್ಲಿ ಕಣ್ಣು ಮುಚ್ಚಿ ಕೂರತೊಡಗಿದೆ. ಶಾಲಿನೊಳಗೆ ಕಿವಿಗೆ ಹೆಡ್‌ಫೋನ್. "ಈಚೆಗೆ ನಮ್ಮನೆಯವ್ರಿಗೆ ಭಕ್ತಿ ಬಂದ್ಬುಟ್ಟಿದೆ ಕಣ್ರೀ, ಸಂಜೆ ಆಯ್ತು ಅಂದ್ರೆ ಜಪ" ಎಂದು ಸರೋಜ ಎದುರುಮನೆಯವರಿಗೆ ಹೇಳಿದ್ದು ನನಗೆ ಕೇಳಿಸಿತು. ದೇವರೆದುರು ಕೂತು ಹೆಂಡತಿಯ ಮಾತು ಕದ್ದು ಕೇಳುವುದು ಪಾಪವೋ ಪುಣ್ಯವೋ ನನಗೆ ಗೊತ್ತಿಲ್ಲ, ಏಕಾಗ್ರತೆಯಂತೂ ಚೆನ್ನಾಗಿತ್ತು.

ಧ್ವನಿ ಬಹಳ ಸಣ್ಣಗೆ ಬರುತ್ತಿತ್ತು. ವಯಸ್ಸಾಯಿತು, ಕಿವಿ ಹೋಗುತ್ತಿದೆ ಎಂದುಕೊಂಡು ಇನ್ನಷ್ಟು ಕಿವಿಗೊಟ್ಟೆ. ಅವರು ನನ್ನ ವಿಷಯ ಮಾತಾಡುತ್ತಾರೆಂದು ಕಾದೆ. ಒಂದು ದಿನವೂ ಮಾತಾಡಲಿಲ್ಲ. ಅದೂ ಅವಮಾನವೇ. ಸರಿ, ತಪ್ಪಾದರೂ ಹಿಡಿಯೋಣವೆಂದು ಸಹಸ್ರನಾಮದ ಪುಸ್ತಕದೊಳಗೆ ಒಂದು ಹಾಳೆ ಇಟ್ಟುಕೊಂಡು ಸರೋಜಳ ತಪ್ಪುಗಳನ್ನು ಬರೆಯತೊಡಗಿದೆ. ಮೊದಲ ವಾರ ಏಳು ಸಿಕ್ಕವು. ಎರಡನೇ ವಾರ ಎರಡು. ಮೂರನೇ ವಾರ ಹಾಳೆ ಖಾಲಿ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅಂಕಿಗಳನ್ನು ಒಂದೊಂದಾಗಿ, ಕಾಳು ಎಣಿಸಿ ಹಾಕಿದ ಹಾಗೆ ಹೇಳುತ್ತಿದ್ದಳು. ಇಂಜಿನ್ ಕೆಟ್ಟಾಗ ಅವಳ ಧ್ವನಿ ಇನ್ನೂ ನಿಧಾನವಾಗುತ್ತಿತ್ತು. ಅದನ್ನು ಕೇಳುತ್ತಿದ್ದರೆ ಕೆಟ್ಟ ಇಂಜಿನ್ ಇಟ್ಟುಕೊಂಡೂ ಇಳಿಯಬಹುದು ಎಂದು ಧೈರ್ಯ ಬರುತ್ತಿತ್ತು. ಈ ಧ್ವನಿ ಇಷ್ಟು ವರ್ಷ ನಮ್ಮ ಮನೆಯಲ್ಲೇ ಇತ್ತು, ನಾನು ಮಾತಾಡುತ್ತಿದ್ದದ್ದರಿಂದ ಕೇಳಿಸಿರಲಿಲ್ಲ. ಇದು ಹೊಳೆದ ಸಂಜೆ ನನಗೆ ಹೊಟ್ಟೆಕಿಚ್ಚು ಇನ್ನೂ ಜಾಸ್ತಿಯಾಯಿತು.

ಸಿಂಚನ ಎರಡನೇ ಸಲ ಪರೀಕ್ಷೆಗೆ ಹೋಗಿ ಬಂದಳು. ಫಲಿತಾಂಶ ಬರುವವರೆಗೆ ಬಾಯಿ ಬಿಡಲಿಲ್ಲ. ಬಂದ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು, "ಆಂಟೀ, ಪಾಸಾಗ್ಬುಟ್ಟೆ!" ಎಂಬ ಕೂಗು ನಮ್ಮ ರಸ್ತೆಗೆಲ್ಲ ಕೇಳಿಸಿತು. ಸರೋಜಳ ಕಾಲಿಗೆ ಬಿದ್ದಳು, ಅವಳನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿದಳು, ಆಮೇಲೆ ನೆನಪಾಗಿ ನನ್ನ ಕಾಲಿಗೂ ಬಿದ್ದಳು. ಊರಿಗೆ ಫೋನ್ ಮಾಡಿದಳು. ಅಪ್ಪ ಆ ಕಡೆ ಪಾಸು ತಾನೇ ಎಂದು ಎರಡೆರಡು ಸಲ ಕೇಳಿ ಫೋನನ್ನು ಅಮ್ಮನಿಗೆ ಕೊಟ್ಟರಂತೆ. ನಾನೇ ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದೆ. ಸಂತೋಷವೇ, ಸುಳ್ಳಲ್ಲ. ಅದರ ಪಕ್ಕದಲ್ಲೇ ಇನ್ನೊಂದೂ ಕೂತಿತ್ತು ಎಂಬುದೂ ಸುಳ್ಳಲ್ಲ.

ಕಾಫಿ ಕುಡಿಯುತ್ತಾ ಸಿಂಚನ ಪರೀಕ್ಷೆಯ ಕಥೆ ಹೇಳಿದಳು. "ನನಗಿಂತ ಮುಂಚೆ ಹೋದೋರೆಲ್ಲ ಸೇ ಅಗೇನ್, ಸೇ ಅಗೇನ್ ಅಂತ ಕೇಳ್ಕೊಂಡೇ ಕೂತಿದ್ರಂತೆ ಆಂಟಿ. ಆ ಹೆಡ್‌ಫೋನಲ್ಲಿ ಧ್ವನಿ ಬಾವಿ ಒಳಗಿಂದ ಬಂದಂಗೆ ಬರ್ತಿತ್ತು. ನಂಗೆ ಮಾತ್ರ ಒಂದ್ಸಲವೂ ತಿರುಗಿ ಕೇಳ್ಬೇಕು ಅನ್ನಿಸ್ಲಿಲ್ಲ. ನಮ್ಮನೇದು ಅದಕ್ಕಿಂತ ಸಣ್ಣಕ್ಕಿತ್ತಲ್ಲ! ಅದರಲ್ಲೇ ಎರಡು ತಿಂಗಳು ಕೇಳೀ ಕೇಳೀ ಕಿವಿ ಪಳಗಿಹೋಗಿತ್ತು. ಅದಕ್ಕೇ ಪಾಸಾಗಿದ್ದು ಆಂಟಿ ನಾನು." ಆಮೇಲೆ ಲೋಟ ಕೆಳಗಿಟ್ಟು, "ಹೌದು, ಮೊದಲು ಚೆನ್ನಾಗೇ ಇತ್ತಲ್ಲ, ಯಾಕೆ ಅಂಗಾಯ್ತು ಅದು? ಅಂಕಲ್‌ಗೆ ಹೇಳಿ ರಿಪೇರಿ ಮಾಡ್ಸಣ ಅಂದ್ರೆ ನೀವೇ ಬೇಡ, ಇರ್ಲಿ ಬಿಡು ಅಂದ್ರಿ" ಅಂದಳು.

ನನ್ನ ಕೈಯಲ್ಲಿದ್ದ ಕಾಫಿ ತಣ್ಣಗಾದ ಹಾಗಾಯಿತು. ಎರಡು ಹೆಡ್‌ಫೋನಿಗೆಂದು ಕಟ್ಟಿದ ತಂತಿಗೆ ಮೂರನೆಯದನ್ನು ಸೇರಿಸಿದರೆ ಎಲ್ಲರ ಪಾಲಿನ ಧ್ವನಿಯೂ ತಗ್ಗುತ್ತದೆ. ಇದು ವೈರ್‌ಲೆಸ್ ತರಬೇತಿಯ ಮೊದಲ ವಾರದ ಪಾಠ. ಎಷ್ಟೋ ಜನ ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ. ನನ್ನ ಕಿವಿಗೆ ವಯಸ್ಸಾಗಿರಲಿಲ್ಲ, ಬುದ್ಧಿಗೆ ಹೊಟ್ಟೆಕಿಚ್ಚಿನ ಹೊಗೆ ಕವಿದಿತ್ತು. ನಾನು ದೇವರಮನೆಯಲ್ಲಿ ಕಣ್ಣು ಮುಚ್ಚಿ ಕೂತ ಮೊದಲ ಸಂಜೆಯೇ ಅಡುಗೆಮನೆಯಲ್ಲಿ ಧ್ವನಿ ತಗ್ಗಿತ್ತು, ಸರೋಜ ತಲೆಯೆತ್ತಿ ತಂತಿಯ ಜಾಡು ಹಿಡಿದು ಬಂದು ನನ್ನನ್ನೂ ನನ್ನ ಶಾಲನ್ನೂ ನೋಡಿ ಹೋಗಿದ್ದಿರಬೇಕು. ಅಷ್ಟಾದ ಮೇಲೂ ಎದುರುಮನೆಯವರಿಗೆ ನನ್ನ ಭಕ್ತಿಯ ಬಗ್ಗೆ ಹೇಳಿದಳು.

"ಅದು ತಾನಾಗಿ ಆಗಿದ್ದಲ್ಲ ಕಣಮ್ಮ," ಎಂದಳು ಸರೋಜ, ನನ್ನ ಕಡೆ ನೋಡದೆ. "ನಿಮ್ಮ ಅಂಕಲ್ಲೇ ಮಾಡಿದ್ದು. ಪರೀಕ್ಷೇಲಿ ಹಳೇ ಹೆಡ್‌ಫೋನ್ ಇದ್ರೂ ಇರಬಹುದು, ಕಿವಿ ಪಳಗಲಿ ಅಂತ. ಕೇಳು, ಹೆಂಗೆ ಮಾಡಿದ್ರು ಅಂತ ಅವ್ರೇ ಹೇಳ್ತಾರೆ."

"ಹೌದಾ ಅಂಕಲ್?" ಸಿಂಚನ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. "ಮತ್ತೆ ಇಷ್ಟು ದಿನ ಒಂದ್ಮಾತೂ ಹೇಳ್ಲಿಲ್ವಲ್ಲ ನೀವು! ನನ್ನ ಜೊತೆಯೋರು ಮೂರು ಜನ ಫೇಲಾಗಿ ಕೂತವ್ರೆ. ಅವ್ರಿಗೂ ಹಂಗೇ ಮಾಡ್ಕೊಡಣ. ಇರಿ, ಬರ್ಕೋತೀನಿ." ಮಹಡಿಗೆ ಓಡಿ ನೋಟ್‌ಬುಕ್ ತಂದು, ಕುರ್ಚಿ ನನ್ನ ಮುಂದಕ್ಕೆ ಎಳೆದುಕೊಂಡು ಕೂತಳು. ಸರೋಜಳೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇಷ್ಟು ತಿಂಗಳು ನಾನು ಹಂಬಲಿಸಿದ್ದು ಇದಕ್ಕೇ. ಗಂಟಲು ಸರಿಮಾಡಿಕೊಂಡೆ, ಷರಟಿನ ಕಾಲರ್ ಸರಿಮಾಡಿಕೊಂಡೆ.

"ಮೊದಲಿಗೆ," ಎಂದೆ, "ಹೊಟ್ಟೆಕಿಚ್ಚಿರೋ ಒಬ್ಬ ಗಂಡ ಬೇಕು ಕಣಮ್ಮ."

ಅವಳು ಒಂದು ಎಂದು ಅಂಕಿ ಹಾಕಿ, ಅದನ್ನು ಬರೆದುಕೊಂಡಳು.